ಮಡುವಿನ ತಳದ ಹಿಡಿ ಮರಳು

ನಮ್ಮ ಓಣಿಗೆ ಕೊನೆಗೂ ಡಾಂಬರು ಬಿತ್ತು. ಎಷ್ಟು ಚುನಾವಣೆಗಳ ಹಿಂದಿನ ಮಾತೋ ಏನೋ, ಈ ಸಲ ನಿಜವಾಗಿಬಿಟ್ಟಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಎದುರಿಗೇ ಕರಿ ಹೊಗೆ, ಕುದಿಯುವ ಡಬ್ಬಗಳು. ಹೊಸ ಸೀರೆಗಳಿಗೆ ವಾಸನೆ ಹತ್ತುತ್ತದೆ, ಬಾಗಿಲು ಹಾಕು ಎಂದು ಅಪ್ಪ ಒಳಗಿನಿಂದ ಕೂಗುತ್ತಲೇ ಇದ್ದರು. ನಾನು ಹಾಕಲಿಲ್ಲ. ಮೂಗು ಹೊರಗೆ ಚಾಚಿ ನಿಂತೆ. ಬಿಸಿ ಡಾಂಬರಿನ ವಾಸನೆಗೆ ಉಳಿದವರು ಸೆರಗು ಅಡ್ಡ ಹಿಡಿಯುತ್ತಾರೆ. ನನಗೆ ಮಾತ್ರ ಹೊಳೆ ನೆನಪಾಗುತ್ತದೆ. ಹೊಸದಾಗಿ ಡಾಂಬರು ಬಳಿದು ಬಿಸಿಲಿಗೆ ಬೋರಲು ಹಾಕಿದ ಹರಿಗೋಲು, ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ ಎದುರುಮನೆ ಅತ್ತೆ...

ಅತ್ತೆ ನಮಗೆ ರಕ್ತಸಂಬಂಧವಲ್ಲ. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಈ ಕಡೆ ನಮ್ಮ ಸೀರೆ ಅಂಗಡಿ, ಆ ಕಡೆ ಅವಳ ಮನೆ, ಅಷ್ಟೇ. ಆದರೆ ನಾನು ತೆವಳುವ ವಯಸ್ಸಿನಲ್ಲೇ ನಮ್ಮ ಹೊಸ್ತಿಲು ದಾಟಿ ಅವಳ ಹೊಸ್ತಿಲು ಹತ್ತುತ್ತಿದ್ದೆನಂತೆ. ಅವಳ ಗಂಡ, ಓಣಿಗೆಲ್ಲ ಮಾಮ, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಅವರಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಓಣಿಯ ಮಕ್ಕಳೆಲ್ಲ ಅತ್ತೆಯ ಬೈಗುಳ ತಿಂದು, ಅವಳು ಹುರಿದ ಶೇಂಗಾ ತಿಂದು ಬೆಳೆದೆವು.

ಅವಳ ದನಿ ದೊಡ್ಡದು. ತರಕಾರಿಯವನನ್ನು ಕರೆದರೆ ಮುಂದಿನ ಓಣಿಯ ತರಕಾರಿಯವನೂ ತಿರುಗಿ ಬರುತ್ತಿದ್ದ. ಯಾಕಿಷ್ಟು ಕೂಗುತ್ತಿ ಎಂದರೆ, "ನಾ ಹೊಳಿ ನಡುವ ಹುಟ್ಟಿದಾಕಿ. ಈ ದಂಡಿಯಿಂದ ಆ ದಂಡಿಗೆ ಕೇಳಸ್ಬೇಕು," ಅನ್ನುತ್ತಿದ್ದಳು. ಮಕ್ತಲ್ ದಾಟಿ ಹೋದರೆ ಕೃಷ್ಣೆ ಎರಡಾಗಿ ಸೀಳಿ ಹರಿಯುವ ಕಡೆ ಒಂದು ನಡುಗಡ್ಡೆ ಇದೆ. ಅಲ್ಲಿಯವರ ಬಾಯಲ್ಲಿ ಅದು ಬರೀ 'ಗಡ್ಡಿ'. ಅಲ್ಲಿನ ಅಂಬಿಗರ ಮನೆಯ ಮಗಳು ಅವಳು. ಬಡಾಯಿಯೂ ಸಣ್ಣದಲ್ಲ. "ಕೃಷ್ಣಾದಾಗ ನಾ ಮುಟ್ಟದ ನೆಲ ಇಲ್ಲ" ಎಂದು ಹೇಳಿದಾಗಲೆಲ್ಲ ನಾವು ನಗುತ್ತಿದ್ದೆವು. ನಮ್ಮ ಊರಿನ ನಲ್ಲಿ ನೀರಿಗಿಂತ ಆಳಕ್ಕೆ ಅವಳು ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

ಆಗ ನನ್ನ ಡಿಗ್ರಿಯ ಕೊನೆಯ ವರ್ಷ. ನನಗೊಂದು ಹುಚ್ಚು ಹಿಡಿದಿತ್ತು. ಫೋನಿನಲ್ಲಿ ಕೆರಿಬಿಯನ್ ದ್ವೀಪಗಳ ವಿಡಿಯೋ ನೋಡುವುದು. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ದೋಣಿಯಿಂದ ಜಿಗಿದು ಇಳಿಯುತ್ತಾಳೆ, ಎರಡು ಮರದ ನಡುವೆ ಜೋಳಿಗೆ ಕಟ್ಟಿ ಮಲಗುತ್ತಾಳೆ, ಮೀನು ಹಿಡಿಯುತ್ತಾಳೆ, ಕಣ್ಣಿಗೆ ಗಾಜು ಕಟ್ಟಿಕೊಂಡು ನೀಲಿ ನೀರಿನೊಳಗೆ ಮುಳುಗಿಬಿಡುತ್ತಾಳೆ. ಯಾರ ಅಪ್ಪಣೆಯೂ ಬೇಡ! ನಾನು ಉಂಡರೂ ಅದೇ, ಮಲಗಿದರೂ ಅದೇ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ಒಂದು ವಿಡಿಯೋ ಪೂರ್ತಿ ನೋಡಿದಳು. ಮುಗಿದ ಮೇಲೆ ಶೇಂಗಾ ಸಿಪ್ಪೆ ಊದಿ ಕೇಳಿದಳು:

"ಇಷ್ಟಕ್ಕ ಇಮಾನ ಹತ್ತಬೇಕಾ? ಹೊಳಿ ಐತಿ, ಗಡ್ಡಿ ಐತಿ, ಮೀನ ಐತಿ. ಕಾರ್ತೀಕಕ್ಕ ನನ್ನ ತವರಮನಿಗಿ ಬಾ. ಚೀಲ ನಿಂದು, ಹೊಳಿ ನಂದು."

ನಾನು ಕಟ್ಟೆಯ ಮೇಲೇ ಎದ್ದು ಕುಣಿದೆ. ಸುಲಿದ ಶೇಂಗಾ ಅರ್ಧ ಚರಂಡಿಗೆ ಹೋಯಿತು.

ಮನೆಯಲ್ಲಿ ದೊಡ್ಡ ಪಂಚಾಯಿತಿ ನಡೆಯಿತು. ಕೊರಳಲ್ಲಿ ಲಿಂಗ ಕಟ್ಟಿದ ಹುಡುಗಿ ಮೀನು ಹಿಡಿಯಲು ಹೊರಟರೆ ಜನ ಏನಂದಾರು ಎಂದು ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರು. ಅಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸದೆ ತೀರ್ಪು ಕೊಟ್ಟಳು: "ಹಿಡದ್ರ ಹಿಡೀಲಿ. ತಿನ್ನಂಗಿಲ್ಲ, ಅಷ್ಟ." ನಮ್ಮ ಮನೆಯಲ್ಲಿ ಅಮ್ಮನ ಮಾತಿನ ಮೇಲೆ ಮೇಲ್ಮನವಿ ಇಲ್ಲ.

ಆನ್‌ಲೈನಿನಲ್ಲಿ ತರಿಸಿದ ಕೆಂಪು ಚೀಲ ನನ್ನ ಬೆನ್ನಿಗಿಂತ ದೊಡ್ಡದಿತ್ತು. ಅದರಲ್ಲಿ ಈಜುವ ಕನ್ನಡಕ, ಟಾರ್ಚು, ಬಿಸಿಲಿಗೆ ಹಚ್ಚುವ ಮುಲಾಮು, ಸೀಟಿ... ಸೀಟಿ ಯಾಕೆ ಎಂದು ಈಗಲೂ ನನಗೆ ಗೊತ್ತಿಲ್ಲ. ಅತ್ತೆಯ ಕೈಯಲ್ಲಿ ಒಂದು ಬಟ್ಟೆ ಚೀಲ, ಅದರ ತುಂಬ ಕಟಕ ರೊಟ್ಟಿ. "ಇದರಾಗ ನಿನ್ನ ಮದವಿ ಸಾಮಾನ ಪೂರಾ ಹಿಡೀತಾವಲ್ಲಬೇ," ಎಂದು ನನ್ನ ಚೀಲವನ್ನು ಬಸ್ಸಿನ ಬಾಗಿಲಲ್ಲಿ ಹಿಂದಿನಿಂದ ನೂಕಿ ಒಳಗೆ ತುರುಕಿದಳು. ಮಾಮ ಕಿಟಕಿಯ ಹತ್ತಿರ ಬಂದು ನಿಂತರು. ಅವರು ಹೇಳಿದ್ದು ಒಂದೇ ಮಾತು: "ನೆನಪೈತಲ್ಲ?" ಅತ್ತೆ ಮುಖ ತಿರುಗಿಸದೆ, "ಐತ್ರಿ," ಎಂದಳು. ಏನು ನೆನಪು ಎಂದು ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಬಿಟ್ಟಿತು.

ಮಕ್ತಲ್‌ನಲ್ಲಿ ಇಳಿದು, ಆಟೋ ಹಿಡಿದು, ಭತ್ತದ ಗದ್ದೆಗಳ ನಡುವಿನ ದಾರಿ ಮುಗಿಯುವಲ್ಲಿ ಹೊಳೆ ಕಂಡಿತು. ಅಬ್ಬಾ! ನಾನು ಕೃಷ್ಣೆಯನ್ನು ಸೇತುವೆ ಮೇಲಿಂದ, ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ದಡದಲ್ಲಿ ನಿಂತು ನೋಡುವ ಹೊಳೆಯೇ ಬೇರೆ. ಪ್ರವಾಹ ಇಳಿದು ನೀರು ತಿಳಿಯಾಗಿತ್ತು. ನಡುವೆ ಕರಿ ಬಂಡೆಗಳು, ಅವುಗಳ ಆಚೆ ಬೇವಿನ ಮರಗಳ ಹಸಿರು ಗಡ್ಡಿ. ಅತ್ತೆ ಬಾಯಿಗೆ ಎರಡೂ ಕೈ ಹಿಡಿದು ಒಂದು ಕೂಗು ಹಾಕಿದಳು. ನೀರಿನ ಆಚೆಯಿಂದ ಅಂಥದೇ ಕೂಗು ತಿರುಗಿ ಬಂತು. ಸ್ವಲ್ಪ ಹೊತ್ತಿಗೆ ಅವಳ ತಮ್ಮ ಹರಿಗೋಲನ್ನು ಬುಗುರಿಯ ಹಾಗೆ ತಿರುಗಿಸುತ್ತ ಬಂದ. ನಾನು ಅವನನ್ನು ಕಾಕಾ ಎಂದು ಕರೆದೆ. ಅವನು ನನ್ನ ಚೀಲ ನೋಡಿ, "ಅಕ್ಕಾ, ಮೊದಲ ಇದನ್ನ ದಾಟಸ್ತೀನಿ, ಆಮ್ಯಾಗ ಮನಷ್ಯಾರನ್ನ," ಎಂದ.

ಆ ದಿನಗಳು ಹೇಗೆ ಹೋದವೋ! ಕಾಕಾ ಹರಿದ ಬಲೆಯೊಂದನ್ನು ಮಡಚಿ ಎರಡು ಬೇವಿನ ಮರಗಳಿಗೆ ಜೋಳಿಗೆ ಕಟ್ಟಿಕೊಟ್ಟ. ಮೊದಲ ಸಲ ಹತ್ತಿದಾಗ ನಾನು ಆ ಕಡೆಯಿಂದ ಬಿದ್ದೆ, ಎರಡನೆಯ ಸಲ ಈ ಕಡೆಯಿಂದ. ಅಲ್ಲಿ ಮಲಗಿದರೆ ಮೈಯೆಲ್ಲ ಮೀನಿನ ವಾಸನೆ ಹತ್ತುತ್ತಿತ್ತು, ನನಗೆ ಅದೂ ಸಂಭ್ರಮವೇ. ನನಗಾಗಿ ಅತ್ತೆ ಬೇರೆ ಒಲೆ ಹೂಡಿದಳು. ಮೀನು ಸೋಂಕದ ಹೊಸ ಗಡಿಗೆಯಲ್ಲಿ ಪುಂಡಿಪಲ್ಯ, ಮೇಲೆ ಬಿಸಿ ರೊಟ್ಟಿ. ನಿಮ್ಮಮ್ಮಗೆ ಮಾತು ಕೊಟ್ಟೀನಿ ಎಂದು ಮೀನಿನ ಒಲೆಯ ಹತ್ತಿರ ನನ್ನನ್ನು ಸುಳಿಯಲೂ ಬಿಡಲಿಲ್ಲ.

ಗಾಳ ಹಾಕಲು ಕಲಿಸಿದವಳೂ ಅವಳೇ. ಬಂಡೆಯ ಮೇಲೆ ಕೂತು, ಎರೆಹುಳು ಸಿಕ್ಕಿಸಿ, ಸುಮ್ಮನಿರುವುದು. ಸುಮ್ಮನಿರುವುದೇ ನನಗೆ ಬಾರದ ವಿದ್ಯೆ. "ನಿನ್ನ ಬಾಯಿ ಸಪ್ಪಳಕ್ಕ ಮೀನಾ ಗದ್ವಾಲಕ್ಕ ಓಡಿ ಹೋದಾವು," ಎಂದು ಬೈಯುತ್ತಿದ್ದಳು. ಒಂದು ಬೆಳಿಗ್ಗೆ ಗಾಳದ ಕೋಲು ಥಟ್ಟನೆ ಬಾಗಿತು. ನಾನು ಎಳೆದೆ, ಅದು ಎಳೆಯಿತು. ಚೀರುತ್ತ, ಜಾರುತ್ತ, ಮೊಣಕಾಲು ತರಚಿಕೊಂಡು ಕೊನೆಗೆ ಮೇಲೆ ಎಳೆದು ಹಾಕಿದರೆ ಅಂಗೈಯಷ್ಟು ಮೀನು! ಅಷ್ಟು ಜಗಳಕ್ಕೆ ಇಷ್ಟೇನಾ ಅನ್ನಿಸಿತು. ಆದರೂ ಗಡ್ಡಿಯ ತುಂಬ ಹಿಡಿದುಕೊಂಡು ಓಡಾಡಿದೆ, ಆಮೇಲೆ ಅದನ್ನು ತಿರುಗಿ ನೀರಿಗೆ ಬಿಟ್ಟೆ. ಕಾಕಾ ಹಣೆ ಬಡಿದುಕೊಂಡ.

ಈಜು ನನಗೆ ಬರುತ್ತಿತ್ತು. ಮರಿಕಲ್ ಹತ್ತಿರದ ಅಜ್ಜಿಯ ಊರಿನ ಬಾವಿಯಲ್ಲಿ ಕಲಿತ ಈಜು. ಆದರೆ ಬಾವಿ ನಿಂತ ನೀರು, ಹೊಳೆ ಹಾಗಲ್ಲ. ಅದು ಕಾಲು ಹಿಡಿದು ಎಳೆಯುತ್ತದೆ. ಅತ್ತೆ ಕೊರಳಮಟ್ಟ ನೀರಿನಲ್ಲಿ ನಿಂತು, ಹೊಳೆಯ ಜೊತೆ ಗುದ್ದಾಡಬೇಡ, ಅದು ಹೋಗುವ ಕಡೆ ಓರೆಯಾಗಿ ಹೋಗು ಎಂದು ಕೂಗಿ ಕೂಗಿ ಹೇಳಿಕೊಟ್ಟಳು. ಮೊಸಳೆ ಇವೆಯಾ ಎಂದು ಕೇಳಿದರೆ, "ಅದಾವು. ಕೆಳಗಿನ ಬಂಡಿ ಮ್ಯಾಲ ಬಿಸಲ ಕಾಸ್ತಾವು. ನಮ್ಮ ಗೊಡವಿ ಅವಕ್ಕ ಬ್ಯಾಡ, ಅವುಗಳ ಗೊಡವಿ ನಮಗ ಬ್ಯಾಡ," ಎಂದಳು. ಇದನ್ನು ಅಮ್ಮನಿಗೆ ನಾನು ಇವತ್ತಿಗೂ ಹೇಳಿಲ್ಲ. ಕನ್ನಡಕ ಕಟ್ಟಿ ಮುಳುಗಿದಾಗ ಕಂಡ ಹಸಿರು ಬೆಳಕು, ಬಂಡೆಯ ಸಂದಿಯಲ್ಲಿ ಮೀಸೆ ಆಡಿಸುವ ಸೀಗಡಿ... ಮೇಲೆ ಬಂದು, ಅತ್ತೀ ನೀನೂ ಬಾ, ಒಂದ್ಸಲ ನೋಡು ಎಂದು ಕನ್ನಡಕ ಚಾಚಿದೆ. ಅವಳು ತಲೆ ಅಲ್ಲಾಡಿಸಿದಳು. ಆಗ ಗಮನಿಸಿದೆ, ಇಷ್ಟು ದಿನ ನೀರಿನಲ್ಲೇ ಇದ್ದರೂ ಅವಳ ತುರುಬು ಒಮ್ಮೆಯೂ ಒದ್ದೆಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಾರಣ ತಿಳಿಯಿತು. ಬೇಗ ಎದ್ದು ಹೊಳೆಗೆ ಹೋದರೆ ಅತ್ತೆ ಬಂಡೆಯ ಮೇಲೆ ಒಬ್ಬಳೇ ಕೂತಿದ್ದಾಳೆ. ಕೆನ್ನೆ ಪೂರಿಯ ಹಾಗೆ ಉಬ್ಬಿದೆ, ಕಣ್ಣು ಕೆಂಪಗಾಗಿದೆ. ಹೆದರಿ ಅಲುಗಾಡಿಸಿದೆ. ಬುಸ್ ಎಂದು ಉಸಿರು ಬಿಟ್ಟು ನನಗೇ ಎರಡು ಬಾರಿಸಿದಳು. ದಿನಾ ಬೆಳಿಗ್ಗೆ ನೀರಿನ ಹೊರಗೆ ಕೂತೇ ಉಸಿರು ಕಟ್ಟುವ ಅಭ್ಯಾಸ ನಡೆದಿತ್ತು! ನನಗೆ ನಗು ತಡೆಯಲಿಲ್ಲ. ಅವಳು ಮಾತ್ರ ನಗಲಿಲ್ಲ.

"ಒಂದ್ಸಲ, ಹುಡುಗಿ... ಒಂದ ಸಲ ಮಡುವಿನ ತಳ ಮುಟ್ಟಿ ಬರಬೇಕು," ಎಂದಳು. ಆ ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಗಡ್ಡಿಯಲ್ಲೊಂದು ಪದ್ಧತಿ. ಕಾರ್ತಿಕದಲ್ಲಿ ನೀರು ತಿಳಿಯಾದ ಮೇಲೆ ಆಳದ ಮಡುವಿಗೆ ದೊಡ್ಡ ಬಲೆ ಬಿಡುತ್ತಾರೆ. ಅದಕ್ಕೆ ಮೊದಲು ಮನೆಯ ಮಗಳು, ಅದೂ ಮದುವೆಯಾಗಿ ಹೊರಗೆ ಹೋಗಿ ತವರಿಗೆ ಬಂದ ಮಗಳು, ಮಡುವಿನಲ್ಲಿ ಮುಳುಗಿ ತಳದ ಒಂದು ಹಿಡಿ ಮರಳು ತರಬೇಕು. ಆ ಮರಳನ್ನೇ ಗಂಗವ್ವನೆಂದು ಕೂರಿಸಿ, ಅರಿಸಿನ ಕುಂಕುಮ ಏರಿಸಿ, ಆಮೇಲೆ ಬಲೆ. ಮಗಳಿಂದ ಆಗದಿದ್ದರೆ ದಡದಲ್ಲೇ ಒಂದು ಕೊಡ ನೀರು ತುಂಬಿಟ್ಟು ಪೂಜೆ ಮುಗಿಸುತ್ತಾರೆ. ಅತ್ತೆ ಮದುವೆಯಾದ ಮೊದಲ ಕಾರ್ತಿಕದಲ್ಲಿ ಮುಳುಗಿದ್ದಳು. ಹೊಸ ಅಳಿಯನಾಗಿ ಬಂದಿದ್ದ ಮಾಮ ದಡದಲ್ಲಿದ್ದರು. ಅವರೂ ಅಂಬಿಗರೇ, ಆದರೆ ಅವರ ಅಪ್ಪನ ಕಾಲಕ್ಕೇ ಹೊಳೆ ಬಿಟ್ಟು ಪೇಟೆ ಸೇರಿದ ಮನೆತನ; ಈಜು ಬಾರದು. ಅವಳು ಬಹಳ ಹೊತ್ತು ಮೇಲೆ ಬರಲಿಲ್ಲವಂತೆ. ಬಂದಾಗ ಮಾಮನ ಮುಖ ಬಿಳಿಚಿಕೊಂಡಿತ್ತಂತೆ. ಅಂದೇ ಅವಳ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡು, ಇನ್ನು ತಲೆ ಮುಳುಗಿಸುವುದಿಲ್ಲ ಎಂದು ಆಣೆ ಹಾಕಿಸಿದರು. ಅಂದಿನಿಂದ ಪ್ರತಿ ಕಾರ್ತಿಕಕ್ಕೂ ಅತ್ತೆ ಬಂದು ದಡದಲ್ಲಿ ಕೊಡ ತುಂಬಿಸಿ ಹೋಗುತ್ತಿದ್ದಳು. ಈಗ ಕಾಕಾನ ಮಗಳಿಗೆ ಮದುವೆ ಗೊತ್ತಾಗಿತ್ತು. ಮುಂದಿನ ಕಾರ್ತಿಕದಿಂದ ಆ ಮುಳುಗು ಅವಳದು. ಅತ್ತೆಯ ಪಾಲಿಗೆ ಇದೇ ಕೊನೆಯ ವರ್ಷ.

"ಮುಳಗಿಬಿಡು ಅತ್ತಿ. ಮಾಮಗ ಯಾರು ಹೇಳ್ತಾರ?" ಎಂದೆ.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಆಣಿ ಅಂದ್ರ ಹುಡುಗಾಟ ಮಾಡೀಯೇನು? ಅವರ ತಲಿ ಮ್ಯಾಲಿನ ಆಣಿ. ಅವರ ಬಾಯಿಲೇ ಬಿಡಸ್ಬೇಕು."

ಸರಿ, ಬಿಡಿಸೋಣ! ನನಗೆ ಹುರುಪು ಬಂದುಬಿಟ್ಟಿತು. ಗಡ್ಡಿಯಲ್ಲಿ ಸಿಗ್ನಲ್ ಸಿಗುವುದು ಒಂದೇ ಬಂಡೆಯ ನೆತ್ತಿಯಲ್ಲಿ. ನಾನು, ಕಾಕಾ, ಅತ್ತೆ ಮೂವರೂ ಹತ್ತಿದೆವು. ಮಾಮನಿಗೆ ವಿಡಿಯೋ ಕಾಲ್ ಹಚ್ಚಿದೆ. ವಿಷಯ ಕೇಳಿದ ಮಾಮ, "ಇಲ್ಲ," ಎಂದರು. ಕಾಕಾ ನನ್ನ ಕೈಯಿಂದ ಫೋನು ಕಸಿದು, ಪರದೆಯ ಮೇಲೆ ಕಂಡ ಮಾಮನ ತಲೆಯನ್ನು ಅಕ್ಕನ ಅಂಗೈ ಕೆಳಗೆ ಹಿಡಿದು, "ಭಾವಾ, ಒಂದ್ಸಲ ಬಿಟ್ಟೀನಿ ಅನ್ರಿ, ಮುಗೀತು!" ಎಂದ. ಅತ್ತೆ ಕೈ ಝಾಡಿಸಿದಳು. "ಫೋನಿನ ತಲಿ ಮ್ಯಾಲ ಆಣಿ ಮಾಡಿದ್ನೇನೋ?" ಅಷ್ಟರಲ್ಲಿ ಮಾಮ ಫೋನು ಇಟ್ಟೇಬಿಟ್ಟಿದ್ದರು. ಅತ್ತೆ ಬಂಡೆಯಿಂದ ಇಳಿದು ಹೋಗಿ, ಕೊಡವನ್ನು ತಿಕ್ಕಿ ತೊಳೆಯತೊಡಗಿದಳು. ಪೂಜೆ ಮರುದಿನವೇ ಇತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ಆಚೆ ದಡದಿಂದ ಕೂಗು ಕೇಳಿಸಿತು. ಅದು ಅಂಬಿಗರ ಕೂಗಲ್ಲ, ಬಸ್ಸಿನ ಹಾರನ್ನಿನಂಥ ಒಂದೇ ಸಮನೆಯ ಕೂಗು. ನೋಡಿದರೆ ಬಿಳಿ ಅಂಗಿ ತೊಟ್ಟ ಮಾಮ! ಹೆಂಡತಿಯನ್ನು ಕರೆದೊಯ್ಯಲು ಮೊದಲ ಬಸ್ಸಿಗೇ ಬಂದಿದ್ದರು. ಈ ದಡಕ್ಕೆ ಬಾ ಎಂದು ಅವರು, ಬೇಕಾದರೆ ನೀವೇ ಬರ್ರಿ ಎಂದು ಇವಳು. ಹೊಳೆಯ ಮೇಲೆ ಸಂಸಾರದ ಜಗಳ ಹಾರಾಡಿತು. ಆ ದನಿಯ ಮುಂದೆ ಮಾಮ ಎಷ್ಟು ಹೊತ್ತು ನಿಲ್ಲುತ್ತಾರೆ? ಕೊನೆಗೆ ಕಾಕಾ ಹರಿಗೋಲು ಒಯ್ದ. ಮಾಮ ಅಂಚನ್ನು ಎರಡೂ ಕೈಯಲ್ಲಿ ಅಪ್ಪಿ, ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತರು. ಹೆದರಿದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. "ಮೆಲ್ಲಗಾ! ಮೆಲ್ಲಗಾರಾ ನಾಯನಾ!" ಎಂದು ಹೊಳೆಯುದ್ದಕ್ಕೂ ಕಾಕಾನನ್ನು ಬೇಡಿಕೊಳ್ಳುತ್ತ ಬಂದರು. ಅಂಥ ಭಯದಲ್ಲೂ ನೀರು ದಾಟಿ ಬಂದರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿ ಬಂತು, ಸಿಟ್ಟೂ ಇತ್ತು.

ನೆಲಕ್ಕೆ ಕಾಲಿಟ್ಟ ಕೂಡಲೆ ಕನ್ನಡಕ್ಕೆ ತಿರುಗಿದರು. "ನಡಿ ಮನಿಗಿ. ಈ ವಯಸ್ಸಿನಾಗ ಏನ್ ಜಿದ್ದು ಇದು?"

ಅತ್ತೆ ಕೊಡವನ್ನು ಕೆಳಗಿಟ್ಟಳು. ಕೂಗಲಿಲ್ಲ. "ನೀವು ಬಸ್ಸು ತಗೊಂಡು ಶ್ರೀಶೈಲದ ಘಾಟ್ ಹತ್ತಿದ್ರಿ. ಮಳಿ ಬಂದ್ರೂ ಹೋದ್ರಿ, ಜ್ವರ ಬಂದ್ರೂ ಹೋದ್ರಿ. ನೀವು ತಿರುಗಿ ಬರೂತನ ನಾ ಬಾಗಿಲ್ದಾಗ ಕುಂತೆ. ಒಂದ್ ದಿನರ ನನ್ನ ತಲಿ ಮ್ಯಾಲ ನಿಮ್ಮ ಕೈ ಇಟ್ಕೊಂಡು, ಬಸ್ಸು ಮುಟ್ಟಂಗಿಲ್ಲ ಅನ್ರಿ ಅಂದೀನೇನು?"

ಮಾಮ ಹೊಳೆಯ ಕಡೆ ನೋಡಿದರು. ಕಾಕಾ ಬಲೆಯ ಗಂಟುಗಳನ್ನು ಸುಮ್ಮನೆ ಎಣಿಸುವವನಂತೆ ಕೂತುಬಿಟ್ಟ. ಕೊನೆಗೆ ಮಾಮ ಮೊಣಕಾಲೂರಿ ಮರಳಿನಲ್ಲಿ ಕೂತು, ಹೆಂಡತಿಯ ಮುಂದೆ ತಲೆ ತಗ್ಗಿಸಿದರು. ಅವಳು ಕೈ ಇಟ್ಟಳು. ಅವರು ಆ ಕೈಯನ್ನು ತಾವೇ ಎತ್ತಿ, ಅದರ ಮೇಲೆ ಕೊಡದ ನೀರು ಸುರಿದು, "ಬಿಟ್ಟೀನಿ," ಎಂದರು. ಆಮೇಲೆ, "ನಾನೂ ಪುಟ್ಟ್ಯಾಗ ಬರ್ತೀನಿ," ಎಂದು ಸೇರಿಸಿದರು. ಪುಟ್ಟಿ ಎಂದರೆ ಹರಿಗೋಲು. ಅದನ್ನು ಕೇಳಿ ಕಾಕಾ ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಚೀಲದಿಂದ ಸೀಟಿ ತಂದು ಜೋರಾಗಿ ಊದಿಬಿಟ್ಟೆ.

ಮಡು ಗಡ್ಡಿಯ ತುದಿಯಲ್ಲಿ, ದೊಡ್ಡ ಬಂಡೆಗಳ ನಡುವೆ. ಅಲ್ಲಿ ನೀರು ಹರಿಯುವ ಹಾಗೇ ಕಾಣುವುದಿಲ್ಲ. ಕಪ್ಪಗೆ, ದಪ್ಪಗೆ ನಿಂತಿರುತ್ತದೆ. ಹರಿಗೋಲಿನಲ್ಲಿ ಕಾಕಾ, ಮಾಮ. ನಾನು ಕನ್ನಡಕ ಕಟ್ಟಿ, ಅಂಚು ಹಿಡಿದು ನೀರಿನಲ್ಲಿ. ಅತ್ತೆ ಸೀರೆಯನ್ನು ಕಚ್ಚೆ ಹಾಕಿದಳು. ಬೇಗ ತಳ ಸೇರಲು ಕಾಕಾ ಒಂದು ಕಲ್ಲು ಕೊಡಹೋದ. "ಅದು ನಿನ್ನ ಹೆಂಡ್ತಿಗಿ ಕೊಡು," ಎಂದು ಹಲ್ಲು ಕಿಸಿದು, ಗಂಡನ ಕಡೆ ಒಮ್ಮೆ ನೋಡಿ, ತಲೆ ಕೆಳಗಾಗಿ ಹೋಗಿಬಿಟ್ಟಳು. ಸಪ್ಪಳವೇ ಇಲ್ಲ!

ನಾನೂ ಹಿಂದೆಯೇ ಮುಳುಗಿದೆ. ಹಸಿರು ಬೆಳಕು ಗಾಢವಾಗುತ್ತ ಹೋಯಿತು. ಕೆಳಗೆ ಅವಳ ಬಿಳಿ ಅಂಗಾಲು ಎರಡು ಸಲ ಒದ್ದದ್ದು ಕಂಡಿತು. ಇಷ್ಟು ಸಲೀಸು, ಇಷ್ಟು ಚೆಂದ! ಓಣಿಯಲ್ಲಿ ಮೊಣಕಾಲು ನೋವೆಂದು ಕಟ್ಟೆ ಹಿಡಿದು ಏಳುತ್ತಿದ್ದ ಹೆಂಗಸು ಇವಳೇನಾ? ಆಮೇಲೆ ಕತ್ತಲಲ್ಲಿ ಅವಳು ಕಾಣಲಿಲ್ಲ. ನನ್ನ ಕಿವಿ ಒಡೆಯುವ ಹಾಗೆ ನೋಯಿತು. ಹೆದರಿ ಮೇಲೆ ಬಂದೆ, ಕನ್ನಡಕದೊಳಗೆಲ್ಲ ನೀರು.

ಹರಿಗೋಲಿನಲ್ಲಿ ಮಾಮನ ಕೆನ್ನೆ ಉಬ್ಬಿ ಮುಖ ಕೆಂಪಗಾಗಿತ್ತು. ಅವಳ ಜೊತೆಗೇ ಅವರೂ ಉಸಿರು ಕಟ್ಟಿದ್ದರು. ನೀರು ಅಲುಗಲಿಲ್ಲ. ಕಾಕಾನ ನಗೆ ಮೊದಲು ನಿಂತಿತು, ಆಮೇಲೆ ಅವನು ಹುಟ್ಟನ್ನು ಕೆಳಗಿಟ್ಟ. "ಭಾವಾ, ಉಸರ ಬಿಡ್ರಿ! ನೀವು ಮೊದಲ ಹೋಗ್ತೀರಿ!" ಎಂದು ಬೆನ್ನಿಗೆ ಗುದ್ದಿದ. ಮಾಮ ಉಸಿರು ಬಿಟ್ಟು, ಕೆಮ್ಮಿ, ಮತ್ತೆ ಎಳೆದುಕೊಂಡು ಕಟ್ಟಿದರು. ನನಗೆ ಅಳು ಬಂದುಬಿಟ್ಟಿತು. ಯಾಕೆ ಈ ಹುಚ್ಚಿಗೆ ನಾನೂ ಕುಣಿದೆನೋ ಎಂದು...

ಆಗ ಯಾರೂ ನೋಡದ ಕಡೆ, ನನ್ನ ಹಿಂದೆ, ನೀರು ಒಡೆಯಿತು. ಅತ್ತೆ! ಬಿಚ್ಚಿದ ಕೂದಲು, ಮೇಲೆತ್ತಿದ ಮುಷ್ಟಿ, ಮುಷ್ಟಿಯ ಸಂದಿಯಿಂದ ಸೋರುವ ಮರಳು. ನಗುತ್ತಿದ್ದಳು. ಅಂಥ ನಗು ನಾನು ಅವಳಲ್ಲಿ ಮಾತ್ರ ಅಲ್ಲ, ಯಾರಲ್ಲೂ ನೋಡಿರಲಿಲ್ಲ. ಆ ನಗು ಬಂಡೆಗಳಿಗೆ ಬಡಿದು ತಿರುಗಿ ಬಂತು. ನಾನು ಚೀರುತ್ತ ಈಜಿ ಹೋಗಿ ಅವಳ ಕೊರಳಿಗೆ ಬಿದ್ದೆ. "ಮರಳ ಹೋದೀತ, ಬಿಡು!" ಎಂದು ನನ್ನನ್ನು ನೂಕಿ, ಮತ್ತೆ ನಕ್ಕಳು. ಕಾಕಾ ಹರಿಗೋಲಿನಲ್ಲಿ ಎದ್ದು ನಿಂತು ಕುಣಿಯಹೋದ. ಮಾಮ ಅವನ ಕಾಲು ಹಿಡಿದು ಕೂರಿಸಿದರು.

ಅಂದಿನ ಬಲೆಗೆ ಎಷ್ಟು ಮೀನು ಬಿತ್ತು ಎಂದು ನನ್ನನ್ನು ಕೇಳಬೇಡಿ. ಗದ್ವಾಲದ ಸಂತೆಯಲ್ಲಿ ಜನ ಬಾಯಿ ತೆರೆದುಕೊಂಡು ನಿಂತರು ಎಂದು ಕಾಕಾ ಹೇಳುತ್ತಾನೆ. ಪ್ರತಿ ಸಲ ಹೇಳುವಾಗಲೂ ಅವನ ಕಾಟ್ಲಾ ಮೀನು ಒಂದು ಗೇಣು ಬೆಳೆದಿರುತ್ತದೆ. ನಾನು ಕಂಡದ್ದು ಇಷ್ಟೇ: ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಹತ್ತಿರ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಮಾಮ ಪಕ್ಕದಲ್ಲಿ ಕೂತು, ಡ್ರೈವರನ ಗೇರು ಬದಲಾವಣೆಯಲ್ಲಿ ತಪ್ಪು ಹುಡುಕುವವರಂತೆ ಮುಂದೆಯೇ ನೋಡುತ್ತಿದ್ದರು. ಓಣಿಗೆ ಇಳಿದ ಮೇಲೆ ಅತ್ತೆ ಮನೆ ಮನೆಗೂ ಹೋಗಿ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ನಾನು ಸಾಕ್ಷಿಗಿದ್ದೆ.

ಮುಂದಿನ ಕಾರ್ತಿಕ ಬರುವುದಕ್ಕೆ ಮೊದಲೇ ಅತ್ತೆ ಹೋದಳು. ಜ್ವರವೆಂದು ಮಲಗಿದವಳನ್ನು ಮಾಮ ದವಾಖಾನೆಗೆ ಕರೆದೊಯ್ದರು. ಒಯ್ದ ಹಾಗೆ ತಿರುಗಿ ಕರೆತರಲಾಗಲಿಲ್ಲ. ಅಷ್ಟು ದೊಡ್ಡ ದನಿಯ ಹೆಂಗಸು ಯಾರಿಗೂ ಒಂದು ಮಾತು ಕೂಗಿ ಹೇಳದೆ ಹೋಗಿಬಿಟ್ಟಳು. ನನಗೆ ಆ ಸಿಟ್ಟು ಇನ್ನೂ ಇದೆ. ಈಗ ತರಕಾರಿಯವನು ನಮ್ಮ ಓಣಿಯಲ್ಲಿ ತಾನೇ ಕೂಗಿಕೊಂಡು ಹೋಗುತ್ತಾನೆ. ಕಾಕಾನ ಮಗಳು ಕಾರ್ತಿಕಕ್ಕೆ ತವರಿಗೆ ಬಂದು ಮರಳು ತರುತ್ತಾಳಂತೆ.

ಇವತ್ತು ಮಧ್ಯಾಹ್ನ ಮಾಮ ನಮ್ಮ ಅಂಗಡಿಗೆ ಬಂದರು. ಅಪ್ಪ ಉಣ್ಣಲು ಒಳಗೆ ಹೋಗಿದ್ದರು. ಗಾದಿಯ ತುದಿಯಲ್ಲಿ ಕೂತು, ನಾನು ಮಡಚುತ್ತಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು. ಚಹಾ ತರಿಸಲೇ ಎಂದೆ. ಬೇಡವೆಂದರು.

"ಅಕಿ ಮುಳಗಿ ಸಾಯ್ತಾಳಂತ ಅಂಜಿ ನಾ ಆಣಿ ಹಾಕ್ಸಿದ್ದಲ್ಲವ್ವಾ," ಎಂದರು ಒಮ್ಮೆಲೇ. "ಮದವಿ ಆದ ಹೊಸದಾಗ, ಮಡುವಿನಿಂದ ಮ್ಯಾಲ ಬಂದಾಗ ಅಕಿ ನಕ್ಕಳು. ಹಂಗ ನಮ್ಮ ಮನ್ಯಾಗ ಒಂದಿನಾನೂ ನಕ್ಕಿದ್ದಿಲ್ಲ. ಹೊಳಿ ಬಿಟ್ಟು ಈಕಿ ನನ್ನ ಹಿಂದ ಬರಂಗಿಲ್ಲ ಅನಿಸ್ತು. ಅದಕ್ಕ..."

ನನಗೆ ರೇಗಿತು. ಒಬ್ಬಳ ನಗೆಗೆ ಹೆದರಿ ಅಷ್ಟು ಕಾರ್ತಿಕಗಳನ್ನು ದಡದಲ್ಲೇ ನಿಲ್ಲಿಸಿದಿರಾ ಎಂದು ಕೇಳಬೇಕೆಂದುಕೊಂಡೆ. ಆದರೆ ಅವರ ಮುಖ ನೋಡಿದೆ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು, ಹೇಳುವವರು ಮನೆಯಲ್ಲಿ ಇರಲಿಲ್ಲ.

"ಅವತ್ತ ನೀ ನೀರಾಗ ಅಕಿ ಹತ್ರಾನ ಇದ್ದಿ," ಎಂದರು. "ಮ್ಯಾಲ ಬಂದು ನಕ್ಕಳಲ್ಲ... ನನ್ನ ನೋಡಿ ನಕ್ಕಳೇನು, ಹೊಳಿ ನೋಡಿ ನಕ್ಕಳೇನು?"

"ನಿಮ್ಮನ್ನ ನೋಡೀನ ನಕ್ಕಳ್ರಿ ಮಾಮ," ಎಂದೆ.

"ಖರೇನ?"

"ಖರೇನ ರೀ."

ಅವರು ತಲೆಯಾಡಿಸಿದರು. ಮತ್ತೊಮ್ಮೆ ಆಡಿಸಿದರು. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಓಣಿ ದಾಟಿ ತಮ್ಮ ಬಾಗಿಲು ತೆರೆದು ಒಳ ಹೋದರು. ನಾನು ಸೀರೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದೆ. ನೀರಿನಿಂದ ಎದ್ದು ನಗುವಾಗ ಅತ್ತೆಯ ಕಣ್ಣುಗಳು ಗಟ್ಟಿಯಾಗಿ ಮುಚ್ಚಿದ್ದವು. ಅವಳು ನೋಡಿದ್ದು ಏನು ಎಂದು ಹೇಳಬಲ್ಲವಳು ಅವಳೊಬ್ಬಳೇ, ಅವಳು ಈಗ ಇಲ್ಲ.